ಬೆಕ್ಕಿನ ಬೇನೆ ಮತ್ತು ಶ್ರಾವಕನ ಎಚ್ಚರ

ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಜೀವಿಗಳ ಜನ್ಮವನ್ನು ಸಮ್ಮೂರ್ಛನ, ಗರ್ಭ, ಉಪಪಾದ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಗರ್ಭಜನ್ಮವನ್ನು ಪಡೆಯುವ ಜೀವಿಗಳು ಮತ್ತೆ ಜರಾಯುಜ, ಅಂಡಜ, ಪೋತ ಎಂದು ಮೂರು ವಿಧ. ಪೊರೆಯಿಂದ ಸುತ್ತುವರಿದು ಹುಟ್ಟುವಂಥವು ಜರಾಯುಜಗಳು. ಸ್ವಾಧ್ಯಾಯದಲ್ಲಿ ಈ ಸೂತ್ರಗಳನ್ನು ನಾವೆಲ್ಲರೂ ಓದಿದ್ದೇವೆ. ಪಾಠಶಾಲೆಯ ಮಕ್ಕಳೂ ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ಆದರೆ ಆ ಜರಾಯುವನ್ನು ಕಣ್ಣಾರೆ ಕಂಡವರು, ಅದರೊಳಗಿನ ಜೀವಕ್ಕೆ ಕೆಲವೇ ನಿಮಿಷ ತಡವಾದರೆ ಏನಾಗುವುದೆಂದು ಅರಿತವರು ನಮ್ಮಲ್ಲಿ ಎಷ್ಟು ಮಂದಿ?

ಗರ್ಭಿಣಿ ಬೆಕ್ಕಿನ ಪ್ರಸವಲಕ್ಷಣಗಳನ್ನು ಕುರಿತು ಧಾರ್ಮಿಕ ಪತ್ರಿಕೆಯಲ್ಲಿ ಬರೆಯುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣವನ್ನು ಪ್ರಮಾದದೊಡನೆ ಜೋಡಿಸಿದ್ದಾರೆ. ಪ್ರಮಾದವೆಂದರೆ ಎಚ್ಚರಗೇಡಿತನ. ನೋಡಬಹುದಾದುದನ್ನು ನೋಡದಿರುವುದು, ತಿಳಿಯಬಹುದಾದುದನ್ನು ತಿಳಿಯದಿರುವುದು ಪ್ರಮಾದದ ಮನೆಬಾಗಿಲು. ಬೆಕ್ಕು ಸಂಜ್ಞಿ ಪಂಚೇಂದ್ರಿಯ ಜೀವಿ; ನಮ್ಮಂತೆಯೇ ಹತ್ತು ಪ್ರಾಣಗಳುಳ್ಳದ್ದು. ಅದು ನಮ್ಮ ಮನೆಯ ಅಟ್ಟಕ್ಕೋ ಬಸದಿಯ ಉಗ್ರಾಣಕ್ಕೋ ಪ್ರಸವಕ್ಕಾಗಿ ಬಂದಾಗ ಶ್ರಾವಕನ ಕರ್ತವ್ಯವೇನೆಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆ ನಮ್ಮ ಊರಿನ ಬಸದಿಯಲ್ಲಿಯೇ ಎದ್ದಿತು. ದಶಲಕ್ಷಣ ಪರ್ವಕ್ಕೆ ಎರಡು ದಿನಗಳಿದ್ದುವು. ಪ್ರವಚನಕ್ಕೆ ಹಾಸಬೇಕಾದ ಜಮಖಾನಗಳನ್ನು ಬಿಸಿಲಿಗೆ ಹಾಕಲೆಂದು ಉಗ್ರಾಣದ ಬಾಗಿಲು ತೆರೆದಾಗ, ಅವುಗಳ ಮೇಲೆ ತುಂಬುಬಸುರಿಯಾದ ಬೂದುಬಣ್ಣದ ಬೆಕ್ಕೊಂದು ಮಲಗಿತ್ತು. ಆಡಳಿತ ಮಂಡಳಿಯ ಹಿರಿಯರು ಕೂಡಿದರು. ಬಸದಿಯ ಆವರಣದಲ್ಲಿ ಹೆರಿಗೆಯಾದರೆ ಸೂತಕವಾಗುವುದೆಂದು ಒಬ್ಬರು ಹೇಳಿದರು. ಅಕ್ಕಿ, ತೆಂಗಿನಕಾಯಿ ಇಟ್ಟಿರುವ ಸ್ಥಳ ಅಶುಚಿಯಾಗುವುದೆಂದು ಇನ್ನೊಬ್ಬರು ಆಕ್ಷೇಪಿಸಿದರು. ಗೋಣಿಚೀಲದಲ್ಲಿ ಹಾಕಿ ಹೊಳೆಯಾಚೆ ಬಿಟ್ಟುಬರೋಣ, ಕೊಲ್ಲುತ್ತಿಲ್ಲವಲ್ಲ, ಇದರಲ್ಲಿ ಹಿಂಸೆಯೇನು ಬಂತು ಎಂಬುದು ಮೂರನೆಯವರ ಅಭಿಪ್ರಾಯ. ಹೀಗೆ ಹೇಳಿದವರು ಯಾರೂ ನಿರ್ದಯರಲ್ಲ. ಆಲೂಗೆಡ್ಡೆಯನ್ನೂ ಮುಟ್ಟದ, ಸೂರ್ಯಾಸ್ತದ ಮೇಲೆ ಉಣ್ಣದ ವ್ರತಿಕರು.

ಚೀಲವೂ ಬಂದಿತು. ಆಗ ಬಸದಿಯ ಅಂಗಳ ಗುಡಿಸುವ ಅಜ್ಜಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಬೆಕ್ಕನ್ನು ನೋಡಿ, “ಯಜಮಾನ್ರೇ, ಅದಕ್ಕೆ ಬ್ಯಾನೆ ಸುರುವಾಗದೆ. ಇವತ್ತು ಯಾರೂ ಮುಟ್ಟಬ್ಯಾಡಿ” ಎಂದರು. ಹೇಗೆ ತಿಳಿಯಿತೆಂದು ನಾನು ಕೇಳಿದೆ. ಬೆಳಿಗ್ಗೆ ಇಟ್ಟ ಹಾಲನ್ನು ಅದು ಮೂಸಿಯೂ ನೋಡಲಿಲ್ಲ. ಏಳುತ್ತದೆ, ಸುತ್ತುತ್ತದೆ, ಮತ್ತೆ ಅಲ್ಲಿಗೇ ಬಂದು ಜಮಖಾನವನ್ನು ಕೆರೆಯುತ್ತದೆ. ಹಿಂಭಾಗವನ್ನು ಪದೇ ಪದೇ ನೆಕ್ಕಿಕೊಳ್ಳುತ್ತದೆ. ಬಾಯಿ ತೆರೆದು ಉಸಿರಾಡುತ್ತದೆ ಎಂದು ಆಕೆ ಒಂದೊಂದಾಗಿ ತೋರಿಸಿದರು. ನಾವು ಆರು ಜನ ಅಷ್ಟೇ ಹೊತ್ತಿನಿಂದ ಅದೇ ಬೆಕ್ಕಿನ ಮುಂದೆ ನಿಂತು ಅಹಿಂಸೆಯನ್ನು ಚರ್ಚಿಸುತ್ತಿದ್ದೆವು.

ತಾಲ್ಲೂಕಿನ ಪಶುವೈದ್ಯರನ್ನು ದೂರವಾಣಿಯಲ್ಲಿ ವಿಚಾರಿಸಿದಾಗ ಅಜ್ಜಿ ಹೇಳಿದ ಲಕ್ಷಣಗಳೆಲ್ಲ ಸರಿಯೆಂದು ಅವರೂ ದೃಢಪಡಿಸಿದರು. ಅಂದು ಕೇಳಿ ತಿಳಿದುದನ್ನೂ ಅನಂತರ ಓದಿ ತಿಳಿದುದನ್ನೂ ಓದುಗರ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸಿ ಹೇಳುತ್ತೇನೆ.

ಬೆಕ್ಕಿನ ಗರ್ಭಾವಧಿ ಸುಮಾರು 9 ವಾರಗಳು; ಸಾಮಾನ್ಯವಾಗಿ 63ರಿಂದ 65 ದಿನಗಳು. ಮೂರನೆಯ ವಾರದ ಹೊತ್ತಿಗೆ ಮೊಲೆತೊಟ್ಟುಗಳು ಉಬ್ಬಿ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಕೊನೆಯ ವಾರದಲ್ಲಿ ಬೆಕ್ಕು ಕತ್ತಲೆಯ, ಜನಸಂಚಾರವಿಲ್ಲದ, ಬೆಚ್ಚನೆಯ ಮೂಲೆಗಾಗಿ ಹುಡುಕಾಡುತ್ತದೆ. ಬಟ್ಟೆಯ ಗಂಟು, ಬೀರುವಿನ ಕೆಳಭಾಗ, ಅಟ್ಟದ ಹಳೆಯ ಬುಟ್ಟಿ ಇವೆಲ್ಲ ಅದಕ್ಕೆ ಪ್ರಿಯವಾದ ಸ್ಥಳಗಳು. ಪ್ರಸವಕ್ಕೆ ಒಂದೆರಡು ದಿನ ಮೊದಲು ಕೆಚ್ಚಲು ತುಂಬಿ, ಕೆಲವೊಮ್ಮೆ ಹಾಲು ಕಾಣಿಸಿಕೊಳ್ಳುತ್ತದೆ. ಸಹಜವಾಗಿ 100.5 ಡಿಗ್ರಿ ಫ್ಯಾರನ್‌ಹೀಟಿಗಿಂತ ಮೇಲಿರುವ ಅದರ ಮೈಬಿಸಿಯು ಪ್ರಸವದ ಹಿಂದಿನ ದಿನ 100ಕ್ಕಿಂತ ಕೆಳಗಿಳಿಯುವುದುಂಟು. ಆದರೆ ಬೀದಿಬೆಕ್ಕನ್ನು ಹಿಡಿದು ಉಷ್ಣಮಾಪಕವಿಡಲು ಹೋಗುವುದು ಅದಕ್ಕೆ ಉಪದ್ರವವೇ ಹೊರತು ಉಪಕಾರವಲ್ಲ. ದೂರದಿಂದ ಕಣ್ಣಿಗೆ ಕಾಣುವ ಲಕ್ಷಣಗಳೇ ನಮಗೆ ಸಾಕು.

ಬೇನೆಯ ಮೊದಲ ಹಂತದಲ್ಲಿ ಅಜ್ಜಿ ಗುರುತಿಸಿದ ಚಡಪಡಿಕೆ, ಊಟ ಬಿಡುವಿಕೆ, ಏದುಸಿರು, ನೆಕ್ಕಿಕೊಳ್ಳುವಿಕೆ, ಕೂಗು, ಕೆಲವು ಬೆಕ್ಕುಗಳಲ್ಲಿ ವಾಂತಿ ಕಾಣುತ್ತವೆ. ಈ ಹಂತ ಅನೇಕ ಗಂಟೆಗಳ ಕಾಲ ಇರಬಹುದು. ಚೊಚ್ಚಲ ಹೆರಿಗೆಯಲ್ಲಿ ಇಡೀ ದಿನ ಹಿಡಿಯುವುದೂ ಉಂಟು. ಎರಡನೆಯ ಹಂತದಲ್ಲಿ ಹೊಟ್ಟೆ ಬಿಗಿದು ಬೆಕ್ಕು ತಿಣುಕುತ್ತದೆ. ಮರಿಯು ತೆಳುವಾದ ಪೊರೆಯೊಳಗೆ ಹೊರಬರುತ್ತದೆ. ತಾಯಿಯೇ ಪೊರೆಯನ್ನು ಹರಿದು, ಮರಿಯನ್ನು ನೆಕ್ಕಿ ಉಸಿರಾಡಿಸಿ, ಹೊಕ್ಕುಳುಬಳ್ಳಿಯನ್ನು ಕಚ್ಚಿ ತುಂಡರಿಸುತ್ತದೆ. ಪ್ರತಿಯೊಂದು ಮರಿಯೊಡನೆ ಮಾಸು ಬೀಳುತ್ತದೆ; ಅದನ್ನು ತಾಯಿ ತಿನ್ನುವುದು ಸಹಜ. ಮರಿಗಳ ನಡುವೆ ಹತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಅಂತರವಿರುವುದು ಸಾಮಾನ್ಯ. ಕೆಲವು ಬೆಕ್ಕುಗಳು, ವಿಶೇಷವಾಗಿ ಜನರ ಗದ್ದಲದಿಂದ ಬೆದರಿದಂಥವು, ಪ್ರಸವವನ್ನು ನಡುವೆಯೇ ನಿಲ್ಲಿಸಿ ಹಲವಾರು ಗಂಟೆಗಳ ನಂತರ ಮುಂದುವರಿಸುತ್ತವೆ.

ಅಪಾಯದ ಚಿಹ್ನೆಗಳನ್ನು ಪ್ರತ್ಯೇಕವಾಗಿ ನೆನಪಿಡಬೇಕು. ಜೋರಾಗಿ ತಿಣುಕುತ್ತ ಅರ್ಧ ಗಂಟೆ ಕಳೆದರೂ ಮರಿ ಬಾರದಿದ್ದರೆ, ಮರಿಯು ಅರ್ಧ ಹೊರಬಂದು ಸಿಕ್ಕಿಕೊಂಡರೆ, ದುರ್ಗಂಧದ ಸ್ರಾವವೋ ನಿಲ್ಲದ ರಕ್ತಸ್ರಾವವೋ ಕಂಡರೆ, ತಾಯಿ ಸೋತು ಮಲಗಿಬಿಟ್ಟರೆ ಕೂಡಲೇ ಪಶುವೈದ್ಯರ ಸಹಾಯ ಪಡೆಯಬೇಕು. ಮರಿಯನ್ನು ನಾವೇ ಹಿಡಿದೆಳೆಯಬಾರದು. ತಾಯಿ ಪೊರೆಯನ್ನು ಹರಿಯದೆ ಬಿಟ್ಟರೆ ಮಾತ್ರ, ಶುಚಿಯಾದ ಬಟ್ಟೆಯಿಂದ ಮರಿಯ ಮೂಗು-ಬಾಯಿಗಳ ಮೇಲಿನ ಪೊರೆಯನ್ನು ತಡಮಾಡದೆ ಸರಿಸಿ, ಮೈಯನ್ನು ಮೆಲ್ಲನೆ ಒರೆಸಬೇಕು.

ನಮ್ಮ ಬಸದಿಯಲ್ಲಿ ನಡೆದುದೂ ಇದೇ. ಉಗ್ರಾಣವು ಗರ್ಭಗೃಹದಿಂದ ಪ್ರತ್ಯೇಕವಾಗಿದ್ದುದರಿಂದ ಪೂಜೆಗೆ ಅಡ್ಡಿಯಿಲ್ಲ, ಅನಂತರ ಸ್ಥಳಶುದ್ಧಿ ಮಾಡಿದರೆ ಸಾಕೆಂದು ಪುರೋಹಿತರು ತಿಳಿಸಿದರು. ಪರ್ವಕ್ಕೆ ಬೇಕಾದ ಅಕ್ಕಿ, ತೆಂಗಿನಕಾಯಿಗಳನ್ನು ನನ್ನ ಅಂಗಡಿಯಿಂದ ತರಿಸಿದೆವು. ಜಮಖಾನಗಳಿಗೆ ಬದಲಾಗಿ ಮನೆಮನೆಯ ಚಾಪೆಗಳು ಬಂದುವು. ಸಂಜೆಯ ಹೊತ್ತಿಗೆ ಮೂರು ಮರಿಗಳು ಹುಟ್ಟಿದುವು. ನಾಲ್ಕನೆಯದು ರಾತ್ರಿ ಬಹಳ ತಡವಾಗಿ ಬಂದಿತು. ಆಯಾಸಗೊಂಡಿದ್ದ ತಾಯಿ ಅದರತ್ತ ತಿರುಗಲಿಲ್ಲ. ಅಜ್ಜಿ ತಮ್ಮ ಸೆರಗಿನ ತುದಿಯಿಂದ ಪೊರೆಯನ್ನು ಸರಿಸಿ ಒರೆಸಿದಾಗ ಮರಿ ಬಾಯಿ ತೆರೆದು ಕೂಗಿತು. ಚೀಲದ ಸಲಹೆ ಕೊಟ್ಟಿದ್ದ ಹಿರಿಯರು ಲಾಟೀನು ಹಿಡಿದು ಪಕ್ಕದಲ್ಲಿಯೇ ನಿಂತಿದ್ದರು. ಆ ಚೀಲ ಹೊಳೆಯಾಚೆ ಹೋಗಿದ್ದರೆ ಐದು ಜೀವಗಳ ಗತಿ ಏನಾಗುತ್ತಿತ್ತೆಂದು ಯಾರೂ ಬಾಯಿಬಿಟ್ಟು ಕೇಳಬೇಕಾಗಲಿಲ್ಲ.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಆಚಾರ್ಯರು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತು ಕುದುರೆಗಳ ಕಾಲಕ್ಕೆ ಹೇಳಿದ ಮಾತೆಂದು ನಾವು ಇವನ್ನು ಬದಿಗಿರಿಸುವಂತಿಲ್ಲ. ಬೇನೆಯಲ್ಲಿರುವ ಬೆಕ್ಕನ್ನು ಚೀಲದಲ್ಲಿ ಕಟ್ಟುವುದು ಬಂಧ. ಕೋಲಿನಿಂದ ಅಟ್ಟುವುದು ವಧ. ಇಲ್ಲಿ ವಧವೆಂದರೆ ಹೊಡೆತವೆಂದೇ ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ಅನ್ನ ನೀರು ಸಿಗದ ಅಪರಿಚಿತ ಸ್ಥಳದಲ್ಲಿ ಬಿಟ್ಟುಬರುವುದು ಅನ್ನಪಾನನಿರೋಧ. ಕೊಲ್ಲುತ್ತಿಲ್ಲವಲ್ಲ ಎಂಬ ಸಮಾಧಾನಕ್ಕೆ ಶಾಸ್ತ್ರದಲ್ಲಿ ಆಧಾರವಿಲ್ಲ. ನೆಲದ ಕಾನೂನೂ ಇದನ್ನೇ ಹೇಳುತ್ತದೆ: 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ 11ನೆಯ ಪ್ರಕರಣದಂತೆ, ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವಿದೆ. ಬೆಕ್ಕು ಮಾಂಸಾಹಾರಿ, ಇಲಿ ಹಕ್ಕಿಗಳನ್ನು ಕೊಲ್ಲುವ ಜೀವಿ. ಕಾರ್ತಿಕೇಯಾನುಪ್ರೇಕ್ಷೆಯಲ್ಲಿ ಬೆಕ್ಕು ಮೊದಲಾದವುಗಳನ್ನು ಸಾಕುವುದನ್ನು ಅನರ್ಥದಂಡವೆಂದು ಎಣಿಸಲಾಗಿದೆ. ಧಾನ್ಯದ ವ್ಯಾಪಾರಿಯಾದ ನನಗೆ ಈ ಮಾತು ಹತ್ತಿರದ್ದು. ಇಲಿಗಳನ್ನು ಕೊಲ್ಲಿಸುವುದಕ್ಕಾಗಿ ಮಳಿಗೆಯಲ್ಲಿ ಬೆಕ್ಕನ್ನು ಸಾಕಕೂಡದೆಂಬುದು ನಮ್ಮ ತಂದೆಯವರ ಕಾಲದಿಂದ ನಡೆದುಬಂದ ನಿಯಮ. ಬಿಲಗಳನ್ನು ಗಾರೆಯಿಂದ ಮುಚ್ಚಿ, ಮೂಟೆಗಳನ್ನು ನೆಲದಿಂದ ಎತ್ತರಿಸಿ, ಬಾಗಿಲಿನ ಕೆಳಗೆ ತಗಡು ಹೊಡೆದು ನಾವು ಇಲಿಗಳ ಕಾಟವನ್ನು ತಡೆಯುತ್ತೇವೆ. ಆದರೆ ನಮ್ಮ ಲಾಭಕ್ಕಾಗಿ ಹಿಂಸಕ ಪ್ರಾಣಿಯನ್ನು ಸಾಕುವುದು ಬೇರೆ, ಶರಣು ಬಂದ ಬಸುರಿಗೆ ಅಭಯ ಕೊಡುವುದು ಬೇರೆ. ಅಭಯದಾನಕ್ಕೆ ಪಾತ್ರವಾದ ಜೀವಿಯ ಆಹಾರವೇನೆಂದು ವಿಚಾರಿಸಿ ಅಭಯ ಕೊಡುವ ಪದ್ಧತಿ ನಮ್ಮಲ್ಲಿಲ್ಲ.

ಆಹಾರದ ವಿಷಯದಲ್ಲಿ ಮಾತ್ರ ನಮ್ಮ ಮಿತಿಯನ್ನು ಒಪ್ಪಿಕೊಳ್ಳಬೇಕು. ಬೆಕ್ಕಿನ ದೇಹಪ್ರಕೃತಿಗೆ ಮಾಂಸವಿಲ್ಲದ ಆಹಾರ ಸಾಲದು. ಹಸುವಿನ ಹಾಲು ಹೆಚ್ಚಾದರೆ ಅನೇಕ ಬೆಕ್ಕುಗಳಿಗೆ ಭೇದಿಯಾಗುತ್ತದೆ. ಎಳೆಯ ಮರಿಗಳಿಗಂತೂ ತಾಯಿಯ ಹಾಲೇ ಬೇಕು. ನಾವು ಶುದ್ಧವಾದ ನೀರು, ಸ್ವಲ್ಪ ಮೊಸರನ್ನ ಇಟ್ಟೆವು. ಉಳಿದುದನ್ನು ಅದು ಎಂದಿನಂತೆ ಹೊರಗೆ ಹುಡುಕಿಕೊಂಡಿತು. ಮರಿಗಳು ಹತ್ತು ಹನ್ನೆರಡು ದಿನಕ್ಕೆ ಕಣ್ಣುತೆರೆದುವು. ಎಂಟು ವಾರ ಕಳೆದ ಮೇಲೆ, ಬೆಕ್ಕನ್ನು ಸಾಕುವ ರೂಢಿಯುಳ್ಳ ನೆರೆಹೊರೆಯ ಮನೆಗಳವರು ಅವನ್ನು ಸಂತೋಷದಿಂದ ಕೊಂಡೊಯ್ದರು. ತಾಯಿಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ವೈದ್ಯರು ಸೂಚಿಸಿದಾಗ, ಅದು ಛೇದವೆಂಬ ಅತಿಚಾರಕ್ಕೆ ಒಳಪಡುವುದೋ, ಮುಂದೆ ಹುಟ್ಟಿ ಬೀದಿಯಲ್ಲಿ ಸಾಯುವ ಮರಿಗಳ ದುಃಖವನ್ನು ತಡೆಯುವ ಕರುಣೆಯೋ ಎಂಬ ಚರ್ಚೆ ನಮ್ಮಲ್ಲಿ ನಡೆದು ಅಪೂರ್ಣವಾಗಿಯೇ ಉಳಿಯಿತು. ತ್ಯಾಗಿಗಳೂ ವಿದ್ವಾಂಸರೂ ಈ ಪತ್ರಿಕೆಯ ಮೂಲಕ ಇದಕ್ಕೆ ಸಮಾಧಾನ ಹೇಳಿದರೆ ಶ್ರಾವಕರಿಗೆ ಉಪಕಾರವಾದೀತು.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು. ಉಗ್ರಾಣದಲ್ಲಿಯೋ ಮೇಳಗಟ್ಟಿನಲ್ಲಿಯೋ ಬಸುರಿ ಬೆಕ್ಕು ಕಂಡರೆ ಮೊದಲು ಅದನ್ನು ದೂರದಿಂದ ಸ್ವಲ್ಪ ಹೊತ್ತು ನೋಡಬೇಕು. ಬೇನೆಯ ಲಕ್ಷಣಗಳಿದ್ದರೆ ಬಾಗಿಲನ್ನು ಅರ್ಧ ಮುಚ್ಚಿ, ಒಂದು ಬಟ್ಟಲು ನೀರಿಟ್ಟು, ಜನರನ್ನೂ ನಾಯಿಗಳನ್ನೂ ದೂರವಿಡಬೇಕು. ಪಶುವೈದ್ಯರ ದೂರವಾಣಿ ಸಂಖ್ಯೆಯನ್ನು ಕಚೇರಿಯಲ್ಲಿ ಬರೆದಿಟ್ಟಿರಬೇಕು. ಪ್ರಸವದ ಅನಂತರ ಕೆಲವು ವಾರಗಳವರೆಗೆ ಆ ಮೂಲೆಯನ್ನು ಅದಕ್ಕೇ ಬಿಟ್ಟುಕೊಡಬೇಕು. ಇದಕ್ಕೆ ಹಣ ಬೇಕಾಗಿಲ್ಲ. ಪರ್ವದ ಸಿದ್ಧತೆಯಲ್ಲಿ ಸ್ವಲ್ಪ ಅನನುಕೂಲವಾದೀತು, ಅಷ್ಟೇ. ಅಂಗಳ ಗುಡಿಸುವವರು, ಹಾಲು ತರುವವರು, ಮನೆಯ ಹಿರಿಯ ಹೆಂಗಸರು ಇಂಥ ವಿಷಯಗಳಲ್ಲಿ ನಮಗಿಂತ ಹೆಚ್ಚು ಬಲ್ಲವರಾದುದರಿಂದ, ನಿರ್ಣಯಕ್ಕೆ ಮೊದಲು ಅವರನ್ನೂ ಒಂದು ಮಾತು ಕೇಳುವುದು ಉಚಿತ.