ದಡ್ಡ ಅನ್ನೋ ಒಂದೇ ಮಾತು

ನಮ್ಮ ಕೇರಿಗಳಲ್ಲಿ ಓದು ಹತ್ತದ ಮಕ್ಕಳಿಗೆಲ್ಲ ಇರೋದು ಒಂದೇ ಹೆಸರು: ದಡ್ಡ. ಅಕ್ಷರದ ಗುರುತು ಸಿಗದವನೂ ದಡ್ಡ. ಮೇಷ್ಟ್ರು ಹೇಳಿದ ಮಾತು ಹಿಡಿಯಲಾರದವಳೂ ದಡ್ಡಿ. ಕಿವಿ ಸೋರಿ ಅರ್ಧ ಪಾಠ ತಪ್ಪಿಸಿಕೊಂಡವನೂ ದಡ್ಡ. ಕೂಲಿಗೆ ಹೋದ ಅವ್ವನ ಬದಲು ಕೂಸು ಎತ್ತಿಕೊಂಡು ಮನೆಯಲ್ಲಿ ಉಳಿದವಳೂ ದಡ್ಡಿ. ಉಳ್ಳವರ ಮಗುವಿಗೆ ಓದು ಬರದಿದ್ದರೆ ಡಾಕ್ಟರನ್ನು ಹುಡುಕುತ್ತಾರೆ. ನಮ್ಮ ಮಗುವಿಗೆ ಓದು ಬರದಿದ್ದರೆ ಕೆಲಸ ಹುಡುಕುತ್ತಾರೆ.

ನಾವು ಕುರೆಕುಪ್ಪದವರು. ಒಂದು ಕಡೆ ಸಂಡೂರಿನ ಅದಿರಿನ ಗುಡ್ಡ, ಇನ್ನೊಂದು ಕಡೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ನಡುವೆ ಲಾರಿ, ರೈಲು, ಕೆಂಪು ಧೂಳು. ನಮ್ಮ ಮನೆಗಳಿಗೆ ಡಿಗ್ರಿ ತಂದ ಮೊದಲ ತಲೆಮಾರು ನಾವು. ಅದಕ್ಕೇ ಕೇರಿಯಲ್ಲಿ ಯಾವ ಮಗು ಹಿಂದೆ ಬಿದ್ದರೂ ಅವ್ವಂದಿರು ಕೈಹಿಡಿದು ನಮ್ಮ ಕಟ್ಟೆಗೆ ತರುತ್ತಾರೆ. ‘ನೀವು ಓದಿದೋರು, ಇದರ ತಲೆಗೆ ಯಾಕ ಹತ್ತವಲ್ದು ನೋಡ್ರಪ್ಪಾ’ ಅನ್ನುತ್ತಾರೆ. ಹಾಗೆ ಬಂದ ಇಬ್ಬರ ಸಂಗತಿ ಹೇಳಬೇಕು.

ಒಬ್ಬ ನಮ್ಮ ಅಕ್ಕನ ಮಗ, ಐದನೇ ಕ್ಲಾಸು. ಊರಲ್ಲಿ ಬಯಲಾಟ ಕಲಿಸುವಾಗ ಪಕ್ಕದಲ್ಲಿ ಕೂತು ಭೀಮನ ಮಾತು, ದುರ್ಯೋಧನನ ಮಾತು ಎರಡನ್ನೂ ಬಾಯಿಪಾಠ ಮಾಡಿಬಿಟ್ಟ. ಮದ್ದಳೆ, ಹಾರ್ಮೋನಿಯಂ, ಜನರ ಗದ್ದಲ ಯಾವುದೂ ಅವನಿಗೆ ಅಡ್ಡ ಬರಲಿಲ್ಲ. ಅದೇ ಹುಡುಗನ ಮುಂದೆ ಪುಸ್ತಕ ತೆರೆದರೆ ‘ಎತ್ತು’ ಅನ್ನುವ ಎರಡಕ್ಷರದ ಮುಂದೆ ನಿಂತುಬಿಡುತ್ತಾನೆ. ಎ... ತು... ಅನ್ನುತ್ತಾನೆ. ಒತ್ತಕ್ಷರ ಬಿಡುತ್ತಾನೆ, ದೀರ್ಘ ನುಂಗುತ್ತಾನೆ, ಗೊತ್ತಾಗದಿದ್ದರೆ ಊಹೆ ಮಾಡುತ್ತಾನೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಮೊದಲನೇ ಸಾಲು ಕೈಬಿಟ್ಟಿರುತ್ತದೆ. ಆ ಪಾಠವನ್ನೇ ನಾವು ಓದಿ ಹೇಳಿದರೆ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟು, ನಮಗೇ ತಿರುಗಿ ಎರಡು ಪ್ರಶ್ನೆ ಹಾಕುತ್ತಾನೆ.

ಇನ್ನೊಬ್ಬಳು ಪಕ್ಕದ ಮನೆಯ ಹುಡುಗಿ, ನಾಲ್ಕನೇ ಕ್ಲಾಸು. ತನ್ನಷ್ಟಕ್ಕೆ ತಾನು ಕೂತರೆ ಪುಸ್ತಕ ಓದುತ್ತಾಳೆ, ಅಂಗಡಿ ಬೋರ್ಡು ಓದುತ್ತಾಳೆ, ಬೆಲ್ಲ ಕಟ್ಟಿಕೊಟ್ಟ ಪೇಪರಿನ ಚೂರನ್ನೂ ಬಿಡುವುದಿಲ್ಲ. ಆದರೆ ಕ್ಲಾಸಿನಲ್ಲಿ ಮೇಷ್ಟ್ರು ‘ಪೇಟೆ’ ಅಂದರೆ ‘ಬೇಟೆ’ ಬರೆಯುತ್ತಾಳೆ. ಏನು ಕೇಳಿದರೂ ‘ಆಂ?’ ಅನ್ನುತ್ತಾಳೆ. ‘ಬಿಂದಿಗೆ ಇಟ್ಟು, ಅಂಗಡೀಗೆ ಹೋಗಿ ಬೆಲ್ಲ ತಗಂಡು, ಅಜ್ಜೀನ ಕರಕಂಡು ಬಾ’ ಅಂದರೆ ಅಜ್ಜಿ ಮಾತ್ರ ಬರುತ್ತಾಳೆ, ಬೆಲ್ಲ ಬರುವುದಿಲ್ಲ. ರಾತ್ರಿ ಊರು ಮಲಗಿದ ಮೇಲೆ, ಮುಖ ನೋಡಿ ನಿಧಾನ ಹೇಳಿದರೆ ಒಂದು ಮಾತೂ ತಪ್ಪುವುದಿಲ್ಲ. ಓರಗೆಯ ಮಕ್ಕಳು ‘ಕಿವುಡಿ’ ಅಂದರು. ಅವ್ವ ಸಾಲ ಮಾಡಿ ಒಂದು ಆಸ್ಪತ್ರೆಗೆ ಕರೆದೊಯ್ದಳು. ಯಂತ್ರದಲ್ಲಿ ಕಿವಿ ಸರಿಯಾಗಿಯೇ ಬಂತು. ‘ಕಿವಿ ಚೆನ್ನಾಗೈತಮ್ಮ, ಹುಡುಗಿ ಹಟ ಮಾಡ್ತಾಳೆ’ ಅಂದು ಕಳಿಸಿದರು. ಬಂದ ಮೇಲೆ ಆ ಮಗುವಿಗೆ ಹಟದ ಹೆಸರಲ್ಲಿ ನಾಲ್ಕು ಏಟು ಹೆಚ್ಚಿಗೆ ಬಿತ್ತು.

ಈ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಒಂದೇ ಮಾತಿನಿಂದ ಕರೆಯುವುದು ಯಾವ ನ್ಯಾಯ?

ಮೊದಲನೆಯದರಂಥ ತೊಡಕಿಗೆ ಡಿಸ್ಲೆಕ್ಸಿಯಾ ಅನ್ನುತ್ತಾರೆ. ಹೆಸರು ಹೊಸದಲ್ಲ. 1887ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಇಟ್ಟದ್ದು. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಇವನೇ ಚುರುಕು ಅಂತ ಆ ಹುಡುಗನ ಮೇಷ್ಟ್ರೇ ಹೇಳಿದ್ದರಂತೆ. ನಮ್ಮ ಬಯಲಾಟದ ಭೀಮನೂ ಅದೇ ಜಾತಿ. ಇದು ಕಣ್ಣಿನ ದೋಷವಲ್ಲ, ಬುದ್ಧಿಯ ದೋಷವೂ ಅಲ್ಲ. ಮಾತನ್ನು ಸಣ್ಣ ಸಣ್ಣ ದನಿಗಳಾಗಿ ಒಡೆದು, ಆ ದನಿಯನ್ನು ಅಕ್ಷರಕ್ಕೆ ಗಂಟು ಹಾಕುವ ಕೆಲಸ ಮಿದುಳಿಗೆ ಕಷ್ಟವಾಗುತ್ತದೆ.

ಎರಡನೆಯದರಂಥದ್ದಕ್ಕೆ ಆಡಿಟರಿ ಪ್ರೊಸೆಸಿಂಗ್ ಡಿಸಾರ್ಡರ್ ಅನ್ನುತ್ತಾರೆ. ಕಿವಿ ಸದ್ದನ್ನು ಹಿಡಿಯುತ್ತದೆ, ಮಿದುಳು ಅದನ್ನು ಬಿಡಿಸಿಕೊಳ್ಳಲು ತಿಣುಕುತ್ತದೆ. ಗದ್ದಲದಿಂದ ಮಾತನ್ನು ಬೇರೆ ಮಾಡಲಾಗದು, ಹತ್ತಿರದ ದನಿಗಳು ಒಂದೇ ಆಗಿ ಕೇಳುತ್ತವೆ. ಅಮೆರಿಕದ ಹೆಲ್ಮರ್ ಮೈಕಲ್‌ಬಸ್ಟ್ 1954ರಲ್ಲೇ ಇಂಥ ಮಕ್ಕಳ ಬಗ್ಗೆ ಪುಸ್ತಕ ಬರೆದ. ಇದಕ್ಕೆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದರ ಮೇಲೆ ತಜ್ಞರ ನಡುವೆ ಇವತ್ತಿಗೂ ಜಗಳವಿದೆ. ಜಗಳ ಅವರದು, ಏಟು ಮಗುವಿನದು.

ಎರಡರ ಬುಡದಲ್ಲೂ ದನಿಯ ತೊಡಕೇ ಇರುವುದರಿಂದ ಮೇಲುನೋಟಕ್ಕೆ ಒಂದೇ ಥರ ಕಾಣುತ್ತವೆ. ಉಕ್ತಲೇಖನದಲ್ಲಿ ಇಬ್ಬರೂ ತಪ್ಪುತ್ತಾರೆ. ಹಾಗಾಗಿ ಉಕ್ತಲೇಖನದ ಪುಸ್ತಕ ನೋಡಿ ತೀರ್ಪು ಕೊಡಬಾರದು. ಬೇರೆ ಕಡೆ ನೋಡಬೇಕು. ಒಂದು ಕತೆಯನ್ನು ಸದ್ದಿಲ್ಲದ ಕಡೆ ಹೇಳಿ ನೋಡಿ. ಅಂಥದೇ ಇನ್ನೊಂದನ್ನು ಲಾರಿ ಓಡಾಡುವ ಬೀದಿಬದಿ ಹೇಳಿ ನೋಡಿ. ಮೂರನೆಯದನ್ನು ಓದಲು ಕೊಟ್ಟು ನೋಡಿ. ಹೇಳಿದ್ದೆಲ್ಲ ತಿಳಿದು, ಓದಲು ಕೊಟ್ಟಾಗ ಮಾತ್ರ ಕಾಲು ಸಿಕ್ಕಿಬಿದ್ದರೆ ಅಕ್ಷರದ ಕಡೆ ಅನುಮಾನ ಪಡಬೇಕು. ಸದ್ದಿನಲ್ಲಿ ಹೇಳಿದ್ದು ಮಾತ್ರ ಚೂರುಚೂರಾದರೆ ಕೇಳುವ ಕಡೆ ಅನುಮಾನ ಪಡಬೇಕು. ಅಕ್ಷರದ ತೊಡಕು ಪುಸ್ತಕ ತೆರೆಯುವ ತನಕ ಅಡಗಿರುತ್ತದೆ. ಕೇಳುವ ತೊಡಕು ಬಾವಿಕಟ್ಟೆಯಲ್ಲೂ ಇರುತ್ತದೆ, ಸಂತೆಯಲ್ಲೂ ಇರುತ್ತದೆ, ಆಟದ ಬಯಲಲ್ಲೂ ಇರುತ್ತದೆ. ಎರಡೂ ಒಂದೇ ಮಗುವಿನಲ್ಲಿ ಇರಬಹುದು, ಜೊತೆಗೆ ಗಮನ ನಿಲ್ಲದ ತೊಡಕೂ ಸೇರಿರಬಹುದು. ಅದಕ್ಕೇ ಇದು ಅನುಮಾನ ಪಡುವ ದಾರಿ ಅಷ್ಟೇ. ತೀರ್ಮಾನ ಪರೀಕ್ಷೆ ಬಲ್ಲವರದು.

ಗೆಳೆಯರೇ, ನಮ್ಮ ಕೇರಿಗಳಲ್ಲಿ ಈ ಎರಡಕ್ಕೂ ಮೊದಲು ನೋಡಬೇಕಾದ್ದು ಇನ್ನೂ ಇದೆ. ಮೊದಲು ಕಿವಿ. ಶೀತ ಬಂದು ಕಿವಿತಮಟೆಯ ಹಿಂದೆ ನೀರು ತುಂಬಿದ ಮಗು ಇವತ್ತು ಕೇಳುತ್ತದೆ, ನಾಳೆ ಕೇಳುವುದಿಲ್ಲ. ಅದು ಔಷಧಿಯಿಂದಲೋ ಸಣ್ಣ ಆಪರೇಷನ್ನಿನಿಂದಲೋ ಸರಿಹೋಗುವ ಕಾಯಿಲೆ. ಅದಕ್ಕೆ ದೊಡ್ಡ ಹೆಸರು ಕಟ್ಟಬಾರದು.

ಆಮೇಲೆ ಬಾಯಿ. ನಮ್ಮ ಮಗು ಹಾಲಿಗೆ ‘ಆಲು’ ಅನ್ನುತ್ತದೆ, ಶಾಲೆಗೆ ‘ಸಾಲೆ’ ಅನ್ನುತ್ತದೆ. ಧನವೂ ದನವೂ ನಮ್ಮ ಬಾಯಲ್ಲಿ ಒಂದೇ. ನಮ್ಮ ಹಿರೀಕರ ಹಟ್ಟಿಯಲ್ಲಿ ಎರಡೂ ಇರಲಿಲ್ಲ, ಬೇರೆ ಮಾಡಿ ಹೇಳುವ ಅಗತ್ಯವೂ ಬೀಳಲಿಲ್ಲ. ಮಗು ಆಡಿದಂತೆ ಬರೆದರೆ ಅದು ರೋಗವಲ್ಲ, ಅವರವ್ವನ ಕನ್ನಡ. ಅದನ್ನು ಕಿವಿಯ ದೋಷ, ನಾಲಿಗೆಯ ದೋಷ ಅಂತ ಬರೆದುಕೊಳ್ಳುವ ಮೇಷ್ಟ್ರು ಮಗುವನ್ನು ಅಳೆಯುತ್ತಿಲ್ಲ, ಕೇರಿಯನ್ನು ಅಳೆಯುತ್ತಿದ್ದಾರೆ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಆಡುವ ಮಕ್ಕಳಿದ್ದಾರೆ, ದೂರದ ರಾಜ್ಯಗಳಿಂದ ಗುತ್ತಿಗೆ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ಗೊತ್ತಿಲ್ಲದ ಶಬ್ದ ಯಾರ ಕಿವಿಗೂ ಸರಿಯಾಗಿ ಬೀಳುವುದಿಲ್ಲ.

ಕನ್ನಡ ಲಿಪಿಯೂ ಸಮಯ ಕೇಳುತ್ತದೆ. ವರ್ಣಮಾಲೆ ಐವತ್ತರ ಆಸುಪಾಸು ಇದ್ದರೂ ಕಾಗುಣಿತ, ಒತ್ತಕ್ಷರ ಸೇರಿದರೆ ಗುರುತು ಹಿಡಿಯಬೇಕಾದ ರೂಪಗಳು ನೂರಾರು. ಕನ್ನಡದ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಈ ಅಕ್ಷರಗಳೆಲ್ಲ ಕೈಗೆ ಬರಲು ಒಂದೆರಡು ವರ್ಷ ಸಾಲದು, ನಾಲ್ಕು ಐದನೇ ಕ್ಲಾಸಿನ ತನಕ ಹಿಡಿಯುತ್ತದೆ. ಎರಡನೇ ಕ್ಲಾಸಿನಲ್ಲಿ ತಡವರಿಸುವ ಮಗುವಿಗೆಲ್ಲ ಡಿಸ್ಲೆಕ್ಸಿಯಾ ಅನ್ನುವುದೂ ತಪ್ಪು, ಐದನೇ ಕ್ಲಾಸಿನಲ್ಲೂ ‘ಮುಂದೆ ಬರ್ತೈತಿ ಬಿಡ್ರಿ’ ಅಂತ ಕೂರುವುದೂ ತಪ್ಪು.

ಬೇರೆ ಮಾಡಿ ಗುರುತಿಸಿ ಆಗಬೇಕಾದ್ದೇನು ಅಂತ ಕೇಳುವವರಿದ್ದಾರೆ. ಮದ್ದು ಬೇರೆ, ಅದಕ್ಕೆ. ಅಕ್ಷರದ ತೊಡಕಿನ ಹುಡುಗನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರೆ ಅಕ್ಷರ ಬರುವುದಿಲ್ಲ. ಅವನಿಗೆ ದನಿ ಒಡೆದು, ಕೂಡಿಸಿ, ಮರಳಲ್ಲಿ ತಿದ್ದಿಸಿ, ದಿನಾ ಸ್ವಲ್ಪ ಸ್ವಲ್ಪ, ಬಹಳ ದಿನ ಕಲಿಸಬೇಕು. ಕೇಳುವ ತೊಡಕಿನ ಹುಡುಗಿಗೆ ನೂರು ಸಲ ಅಕ್ಷರ ತಿದ್ದಿಸಿದರೆ ಬೇಸರ ಬರುತ್ತದೆಯೇ ಹೊರತು ಕ್ಲಾಸಿನ ಮಾತು ತಿಳಿಯುವುದಿಲ್ಲ. ಅವಳನ್ನು ರಸ್ತೆಬದಿಯ ಕಿಟಕಿಯಿಂದ ದೂರ, ಮೇಷ್ಟ್ರ ಮುಖ ಕಾಣುವಂತೆ ಕೂರಿಸಬೇಕು. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಹೇಳಿದ್ದನ್ನು ಬೋರ್ಡಿನ ಮೇಲೆ ಬರೆಯಬೇಕು. ಇದಕ್ಕೆ ಬಜೆಟ್ಟು ಬೇಕಿಲ್ಲ, ಒಂದು ಸೀಮೆಸುಣ್ಣ ಸಾಕು.

ಪರೀಕ್ಷೆಗಳು ಇಲ್ಲ ಅಂತಲ್ಲ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಡಿಸ್ಲೆಕ್ಸಿಯಾ ಪರೀಕ್ಷೆ ಕನ್ನಡದಲ್ಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಕಲಿಕೆಯ ತೊಡಕಿಗೆ ಪರೀಕ್ಷೆಗಳ ಕಟ್ಟು ಮಾಡಿದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಳುವ ತೊಡಕನ್ನು ಶಾಲೆಯಲ್ಲೇ ಮೇಷ್ಟ್ರು ಅನುಮಾನಿಸಲು ಅನುವಾಗುವ ಸಣ್ಣ ಪ್ರಶ್ನೆಪಟ್ಟಿಯನ್ನು ಆಶಾ ಯತಿರಾಜ್ ಮತ್ತು ಅವರ ಜೊತೆಯವರು ಅಲ್ಲೇ ಮಾಡಿದರು. ಪೂರ್ತಿ ಪರೀಕ್ಷೆಗೆ ಸದ್ದು ನುಗ್ಗದ ಕೋಣೆ ಬೇಕು, ಬಲ್ಲ ಆಡಿಯಾಲಜಿಸ್ಟ್ ಬೇಕು, ಮಗುವಿಗೆ ಸಾಮಾನ್ಯವಾಗಿ ಏಳು ವರ್ಷ ತುಂಬಿರಬೇಕು. ಎರಡು ಕಿವಿಗೆ ಒಟ್ಟಿಗೆ ಬೇರೆ ಬೇರೆ ಶಬ್ದ ಹಾಕಿ, ಗದ್ದಲದ ನಡುವೆ ಮಾತು ಕೇಳಿಸಿ ನೋಡುತ್ತಾರೆ. ಬರೀ ‘ಟೀಂ’ ಅನ್ನುವ ಸದ್ದು ಕೇಳಿತೋ ಇಲ್ಲವೋ ಅನ್ನುವ ಯಂತ್ರದಲ್ಲಿ ಈ ತೊಡಕು ಸಿಗುವುದಿಲ್ಲ. ಆದರೆ ಕುರೆಕುಪ್ಪದ ಕೂಲಿಯವ್ವನಿಗೆ ಮೈಸೂರು ಅಂದರೆ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪಯಣ, ಮೂರು ದಿನದ ಕೂಲಿ ಖೋತಾ.

ಕಾನೂನಿನ ಕತೆಯೂ ಕೇಳಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆ ಇದ್ದವು, ಕಲಿಕೆಯ ತೊಡಕು ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಆದವು, ಡಿಸ್ಲೆಕ್ಸಿಯಾ ಒಳಗೆ ಬಂತು. ಅದಕ್ಕೂ ಮೊದಲೇ 2007ರಲ್ಲಿ ‘ತಾರೆ ಜಮೀನ್ ಪರ್’ ಸಿನಿಮಾ ಬಂದು ಪೇಟೆಯ ತಾಯ್ತಂದೆಗಳಿಗೆ ಆ ಹೆಸರು ಕಲಿಸಿತ್ತು. ಕೇಳುವ ತೊಡಕಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ. ಕಿವಿ ಮಂದ ಅನ್ನಿಸಿಕೊಳ್ಳಲು ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ ಕೊರತೆ ಇರಬೇಕು ಅನ್ನುತ್ತದೆ ಕಾಯ್ದೆ. ನಮ್ಮ ಹುಡುಗಿಯ ಕಿವಿಯಲ್ಲಿ ಕೊರತೆಯೇ ಇಲ್ಲ. ಯಂತ್ರದ ಲೆಕ್ಕದಲ್ಲಿ ಅವಳು ಕೇಳುವವಳು, ಮೇಷ್ಟ್ರ ಲೆಕ್ಕದಲ್ಲಿ ಕೇಳದವಳು, ಕಾಯ್ದೆಯ ಲೆಕ್ಕದಲ್ಲಿ ಇಲ್ಲವೇ ಇಲ್ಲದವಳು.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಒಂದಿದೆ. ಅದರ ತಂಡ ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕು. ಅವರು ನೋಡಬೇಕಾದ ತೊಂದರೆಗಳಲ್ಲಿ ಕಿವಿಯೂ ಇದೆ, ಕಲಿಕೆಯೂ ಇದೆ. ತಂಡ ಬಂದ ದಿನ ಡಿಗ್ರಿ ಓದಿದ ನಾವು ಶಾಲೆಯ ಬಾಗಿಲಲ್ಲಿ ಇರಬೇಕು. ಈ ಮಗುವಿನ ಕಿವಿ ನೋಡಿದಿರಾ, ಇದರ ಮನೆಮಾತು ಯಾವುದು ಕೇಳಿದಿರಾ, ಸದ್ದಿನಲ್ಲೂ ಸದ್ದಿಲ್ಲದಲ್ಲೂ ಮಾತಾಡಿಸಿದಿರಾ ಅಂತ ಕೇಳಬೇಕು. ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಬಳ್ಳಾರಿ ಸೀಮೆಯ ನೆಲ ಬಗೆದು ಅದಿರು ಒಯ್ದವರಿಗೆ ಎಷ್ಟು ಟನ್ ಒಳಗೆ ಇದೆ ಅಂತ ಅಳೆಯುವ ಯಂತ್ರಗಳಿದ್ದವು. ಈ ನೆಲದ ಮಕ್ಕಳ ಒಳಗೆ ಏನಿದೆ ಅಂತ ನೋಡಲು ಸದ್ದಿಲ್ಲದ ಒಂದು ಕೋಣೆ, ಬಲ್ಲವರೊಬ್ಬರು, ಇಷ್ಟನ್ನು ನಮ್ಮ ಊರಿನ ಹತ್ತಿರವೇ ಕೊಡಿ ಅಂತ ಕೇಳುತ್ತಿದ್ದೇವೆ. ಅದು ಬರುವ ತನಕ ದಡ್ಡ ಅನ್ನುವ ಮಾತನ್ನು ಶಾಲೆಯ ಹೊಸ್ತಿಲ ಆಚೆ ಬಿಟ್ಟು ಬನ್ನಿ, ಮೇಷ್ಟ್ರೇ.