ಹಳ್ಳಿಯ ಹೆಸರಿನ ದುಡ್ಡು

ಬಜೆಟ್ ಬಂದಾಗಲೆಲ್ಲ ಗ್ರಾಮೀಣಾಭಿವೃದ್ಧಿಗೆ ಎಷ್ಟು ಕೋಟಿ ಎಂದು ಕೇಳುತ್ತೇವೆ. ಆ ಕೋಟಿ ಕೊನೆಗೆ ಯಾರ ಜೇಬಿಗೆ ಇಳಿಯಿತು ಎಂದು ಕೇಳುವವರು ಕಡಿಮೆ. ಊರಿನ ರಸ್ತೆಗೆ ಹಣ ಬರುತ್ತದೆ. ಗುತ್ತಿಗೆದಾರ ಜಿಲ್ಲಾ ಕೇಂದ್ರದವನು, ಜೆಸಿಬಿಯೂ ಅವನದೇ, ಸಿಮೆಂಟು ಇನ್ನೆಲ್ಲಿಯದೋ. ಶಾಲೆ ಹಳ್ಳಿಯದು, ಆದರೆ ಬಹಳಷ್ಟು ಕಡೆ ಮೇಷ್ಟ್ರ ಮನೆ ತಾಲ್ಲೂಕಿನಲ್ಲಿ. ಸಂಬಳ ಖರ್ಚಾಗುವುದೂ ಅಲ್ಲೇ. (ಮೇಷ್ಟ್ರನ್ನು ದೂರುತ್ತಿಲ್ಲ, ಅವರ ಮಕ್ಕಳೂ ಓದಬೇಕಲ್ಲ!) ಲೆಕ್ಕದಲ್ಲಿ ಎಲ್ಲವೂ ಗ್ರಾಮೀಣ ವೆಚ್ಚ.

2005ರ ಉದ್ಯೋಗ ಖಾತರಿ ಕಾಯ್ದೆ ನನಗೆ ಇಷ್ಟವಾಗಿದ್ದು ಈ ಕಾರಣಕ್ಕೆ. ಗುತ್ತಿಗೆದಾರರಿಗೆ ಪ್ರವೇಶವಿಲ್ಲ, ಸಾಮಗ್ರಿಯ ವೆಚ್ಚ ಶೇ 40 ಮೀರುವಂತಿಲ್ಲ ಎಂದು ಅದರಲ್ಲೇ ಬರೆದಿದ್ದರು. ಕೂಲಿ ಬಾಕಿ, ಸುಳ್ಳು ಹಾಜರಿ ಎಲ್ಲ ಇತ್ತು, ನಿಜ. ಆದರೂ ಬಂದ ಕೂಲಿಯಲ್ಲಿ ಒಂದಿಷ್ಟು ಊರಿನ ಕಿರಾಣಿ ಅಂಗಡಿಯ ಸಾಲ ತೀರಿಸುತ್ತಿತ್ತು. ಕೆಲಸ ಸಿಕ್ಕ ಕಡೆ ಜಮೀನಿನ ಕೂಲಿ ಕೇಳುವಾಗಲೂ ದನಿಗೆ ಸ್ವಲ್ಪ ಗಟ್ಟಿತನ ಬಂದಿತ್ತು.

ಹಾಗಾದರೆ ಹಳ್ಳಿಯ ಜೇಬು ತುಂಬುತ್ತಲೇ ಇಲ್ಲವೇ? ಕೇಂದ್ರದ ಗೃಹಬಳಕೆ ವೆಚ್ಚ ಸಮೀಕ್ಷೆ ಪ್ರಕಾರ 2023-24ರಲ್ಲಿ ದೇಶದ ಹಳ್ಳಿಗರ ತಲಾ ಮಾಸಿಕ ವೆಚ್ಚ ₹4,122, ನಗರದವರದು ₹6,996. 2011-12ರಲ್ಲಿ ಶೇ 84ರಷ್ಟಿದ್ದ ಅಂತರ ಶೇ 70ಕ್ಕೆ ಇಳಿದಿದೆ. ಇದು ಖರ್ಚಿನ ಲೆಕ್ಕ, ಆದಾಯದ್ದಲ್ಲ; ಸಾಲ ಮಾಡಿ ತಿಂದದ್ದೂ ಖರ್ಚೇ. ಹಾಗಾಗಿ ಸಂಭ್ರಮ ಬೇಡ.

ಮುಂದಿನ ಗ್ರಾಮಸಭೆಗೆ ಹೋದರೆ ಅನುದಾನದ ಮೊತ್ತ ಕೇಳಿ ಸುಮ್ಮನಾಗಬೇಡಿ. ಅದರಲ್ಲಿ ಊರಿನವರ ಕೈಗೆ ಕೂಲಿಯಾಗಿ ಬಂದದ್ದೆಷ್ಟು ಎಂದೂ ಕೇಳಿ.