ಅಮ್ಮನ ಜೊತೆ ರೋಮಿನಲ್ಲಿ ನಾಲ್ಕು ದಿನ

1986ರ ಫೆಬ್ರವರಿಯಲ್ಲಿ ಪೋಪ್ ಎರಡನೇ ಜಾನ್ ಪಾವ್ಲರು ಮಂಗಳೂರಿಗೆ ಬಂದಿದ್ದಾಗ ನಮ್ಮ ಮಂಜೇಶ್ವರ ಕಡೆಯಿಂದ ಲಾರಿ ಹತ್ತಿ ಹೋದವರಲ್ಲಿ ಅಪ್ಪನೂ ಒಬ್ಬರು. ಜನಸಾಗರದ ಆಚೆ ಒಂದು ಬಿಳಿ ಚುಕ್ಕೆ ಕಂಡಿತಂತೆ, ಅಷ್ಟೇ. ಆದರೆ ಆ ರಾತ್ರಿ ಮನೆಗೆ ಬಂದವರು ಊಟಕ್ಕೂ ಕೂರದೆ, "ಒಮ್ಮೆ ರೋಮಿಗೆ ಹೋಗಬೇಕು" ಅಂದರಂತೆ. ಆಮೇಲಿನ ಮೂವತ್ತೇಳು ವರ್ಷ ಈ ಮಾತು ನಮ್ಮ ಮನೆಯಲ್ಲಿ ಸುತ್ತುತ್ತಲೇ ಇತ್ತು. ಒಳ್ಳೆಮೆಣಸಿಗೆ ಒಳ್ಳೆಯ ರೇಟು ಬರಲಿ ಎಂದು ಅಪ್ಪ ಮುಂದೂಡಿದರು. ಮಕ್ಕಳ ಪರೀಕ್ಷೆ ಮುಗಿಯಲಿ, ಮನೆಯ ಸಾಲ ತೀರಲಿ ಎಂದು ನಾವು ಮುಂದೂಡಿದೆವು. ಕೊನೆಗೊಮ್ಮೆ ಅಪ್ಪ ತಾವೇ ಹೋಗಿ ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದರು. ಅದರಲ್ಲಿ ಒಂದು ಸೀಲೂ ಬೀಳಲಿಲ್ಲ. 2023ರಲ್ಲಿ ಅವರು ತೀರಿಕೊಂಡರು.

ಹಾಗಾಗಿ 2025ರ ನವೆಂಬರಿನಲ್ಲಿ ನಾವಿಬ್ಬರು ಎಪ್ಪತ್ತನಾಲ್ಕು ವರ್ಷದ ಅಮ್ಮನನ್ನು ಕರೆದುಕೊಂಡು ರೋಮಿಗೆ ಹೊರಟದ್ದು ಬರೀ ಪ್ರವಾಸ ಅಂತ ಹೇಳಿದರೆ ಸುಳ್ಳಾದೀತು. ಅದು ಜ್ಯೂಬಿಲಿ ವರ್ಷ. ಮೇಲಾಗಿ ಮೃತರನ್ನು ನೆನೆಯುವ ತಿಂಗಳು. ಇನ್ನೂ ಮುಂದೂಡಲು ನಮಗೆ ಧೈರ್ಯವಿರಲಿಲ್ಲ.

ಗಲ್ಫಿನಲ್ಲಿ ವಿಮಾನ ಬದಲಿಸಿ ಫ್ಯೂಮಿಚೀನೊ ನಿಲ್ದಾಣದಲ್ಲಿ ಇಳಿದೆವು. ಅಲ್ಲಿಂದ ನಗರದ ತೆರ್ಮಿನಿ ಸ್ಟೇಶನ್ನಿಗೆ ರೈಲಿನಲ್ಲಿ ಅರ್ಧ ಗಂಟೆ. ಉಳಿದುಕೊಂಡದ್ದು ಒಂದು ಕಾನ್ವೆಂಟಿನ ಅತಿಥಿಗೃಹದಲ್ಲಿ. ರೋಮಿನಲ್ಲಿ ಎಷ್ಟೋ ಕಾನ್ವೆಂಟುಗಳು ಹೀಗೆ ಕೋಣೆ ಬಾಡಿಗೆಗೆ ಕೊಡುತ್ತವೆ. ಹೋಟೆಲಿಗಿಂತ ಕಡಿಮೆ ಖರ್ಚು, ಶುಚಿಯಾದ ಹಾಸಿಗೆ. ರಾತ್ರಿ ಹನ್ನೊಂದಕ್ಕೆ ಗೇಟು ಮುಚ್ಚುತ್ತಾರೆ ಎಂಬುದೊಂದೇ ನಿಬಂಧನೆ. ಬಾಗಿಲು ತೆರೆದ ಸಿಸ್ಟರ್ ಕಣ್ಣೂರಿನವರು. ನಮ್ಮ ಗಡಿನಾಡಿನ ಮಲಯಾಳಂ ಅಂದು ಅಮ್ಮನ ಕೈಹಿಡಿಯಿತು. ಯುರೋಪಿನಲ್ಲಿ ಯಾರ ಜೊತೆ ಮಾತಾಡುವುದು ಎಂದು ವಿಮಾನದುದ್ದಕ್ಕೂ ಹೆದರಿದ್ದ ಅಮ್ಮ ಹತ್ತು ನಿಮಿಷದಲ್ಲಿ ಸಿಸ್ಟರಿಗೆ ಉಪ್ಪಿನಕಾಯಿ ಹಾಕುವ ಕ್ರಮ ಹೇಳಿಕೊಡುತ್ತಿದ್ದರು.

ಮೊದಲ ದಿನ ನಾವು ಮಾಡಿದ್ದು ದೊಡ್ಡ ತಪ್ಪು. ಊರಿನಿಂದಲೇ ಪಟ್ಟಿ ಬರೆದುಕೊಂಡು ಹೋಗಿದ್ದೆವು: ಬೆಳಿಗ್ಗೆ ಇದು, ಹನ್ನೊಂದಕ್ಕೆ ಅದು, ಮಧ್ಯಾಹ್ನ ಮತ್ತೊಂದು. ರೋಮಿನ ಹಳೆಯ ಬೀದಿಗಳಿಗೆ ಡಾಂಬರಿಲ್ಲ. ಮುಷ್ಟಿ ಗಾತ್ರದ ಕರಿಕಲ್ಲುಗಳನ್ನು ಒತ್ತೊತ್ತಾಗಿ ಹುಗಿದಿದ್ದಾರೆ. ಸಂತ ಪೇತ್ರರ ಹೆಸರಿನಲ್ಲೇ ಅವಕ್ಕೆ ಸಾಂಪಿಯೆತ್ರೀನಿ ಎನ್ನುತ್ತಾರೆ. ನೋಡಲು ಚೆಂದ, ಮಂಡಿನೋವಿನವರಿಗೆ ಶಿಕ್ಷೆ. ಪಾಂಥಿಯಾನ್ ಮುಂದೆ ತಲುಪುವಷ್ಟರಲ್ಲಿ ಅಮ್ಮನ ಬಾಯಿಯಿಂದ ಮಾತೇ ಹೊರಡುತ್ತಿರಲಿಲ್ಲ. ಸುಮಾರು 1900 ವರ್ಷ ಹಿಂದೆ ಕಬ್ಬಿಣದ ಸರಳಿಲ್ಲದೆ ಬರೀ ಕಾಂಕ್ರೀಟಿನಿಂದ ಕಟ್ಟಿದ ಗುಮ್ಮಟ ಅದು, 43 ಮೀಟರ್ ಅಗಲ. ನಡುವೆ ಆಕಾಶಕ್ಕೆ ತೆರೆದ ಒಂದು ದುಂಡು ಕಿಂಡಿ. ಮಳೆ ಬಂದರೆ ಒಳಗೇ ಬೀಳುತ್ತದೆ, ನೀರು ಹೋಗಲು ನೆಲದಲ್ಲಿ ತೂತುಗಳಿವೆ. 609ರಲ್ಲಿ ಅದನ್ನು ಚರ್ಚಾಗಿ ಪವಿತ್ರೀಕರಿಸಿದ ಕಾರಣದಿಂದಲೇ ಇಷ್ಟು ಗಟ್ಟಿಯಾಗಿ ಉಳಿಯಿತು ಎನ್ನುತ್ತಾರೆ. ಇದನ್ನೆಲ್ಲ ನಾವು ವಿವರಿಸುತ್ತಿದ್ದರೆ ಅಮ್ಮ, "ನೀವು ನೋಡಿ ಬನ್ನಿ, ನಾನು ಇಲ್ಲೇ ಕೂತ್ಕೊಳ್ತೇನೆ" ಅಂದರು. ಅಪ್ಪನನ್ನು ಕರೆತರಲಾಗದ ತಪ್ಪನ್ನು ಅಮ್ಮನನ್ನು ಓಡಿಸಿ ತೀರಿಸಿಕೊಳ್ಳಲು ಹೊರಟಿದ್ದೆವೇನೋ. ರಾತ್ರಿ ಕೋಣೆಯಲ್ಲಿ ನಮ್ಮಿಬ್ಬರಿಗೆ ಸಣ್ಣ ಜಗಳವೂ ಆಯಿತು. ಕೊನೆಗೆ ಪಟ್ಟಿಯನ್ನು ಹರಿದು ಹಾಕಿ, ದಿನಕ್ಕೆ ಒಂದೇ ಜಾಗ ಎಂದು ತೀರ್ಮಾನಿಸಿದೆವು.

ಮರುದಿನ ಸಂತ ಪೇತ್ರರ ಬಸಿಲಿಕಾ. ಜಗತ್ತಿನ ಮೂಲೆಮೂಲೆಗಳ ಯಾತ್ರಿಕರು ಗುಂಪುಗುಂಪಾಗಿ, ಮುಂದೊಂದು ಮರದ ಶಿಲುಬೆ ಹಿಡಿದು, ಹಾಡುತ್ತ ಬರುತ್ತಿದ್ದರು. 2024ರ ಡಿಸೆಂಬರ್ 24ರಂದು ತೆರೆದಿದ್ದ ಪವಿತ್ರ ದ್ವಾರ 2026ರ ಜನವರಿ 6ಕ್ಕೆ ಮುಚ್ಚುವುದಿತ್ತು. ಒಳಗೆ ಹೋಗುವ ಮೊದಲು ಚೌಕದಲ್ಲಿ ಒಂದು ತಮಾಷೆ ನೋಡಿದೆವು. ಬೆರ್ನೀನಿ ಕಟ್ಟಿದ 284 ಕಂಬಗಳು ನಾಲ್ಕು ಸಾಲಾಗಿ ಚೌಕವನ್ನು ತಬ್ಬಿಕೊಂಡು ನಿಂತಿವೆ. ನೆಲದಲ್ಲಿ ಒಂದು ದುಂಡು ಕಲ್ಲಿನ ಗುರುತಿದೆ. ಅದರ ಮೇಲೆ ನಿಂತು ನೋಡಿದರೆ ಹಿಂದಿನ ಮೂರು ಸಾಲು ಮಾಯವಾಗಿ ಒಂದೇ ಸಾಲು ಕಾಣುತ್ತದೆ. ಅಮ್ಮ ಗುರುತಿನ ಮೇಲೆ ನಿಂತರು, ಒಂದು ಹೆಜ್ಜೆ ಪಕ್ಕಕ್ಕೆ ಸರಿದರು, ಮತ್ತೆ ನಿಂತರು. ನಾಲ್ಕು ಸಲ ಹಾಗೆ ಮಾಡಿ ಮಗುವಿನಂತೆ ನಕ್ಕರು. ರೋಮಿಗೆ ಬಂದ ಮೇಲೆ ಅವರು ನಕ್ಕದ್ದು ಆಗಲೇ.

ಪವಿತ್ರ ದ್ವಾರದ ಚೌಕಟ್ಟನ್ನು ಮುಟ್ಟಿ ಒಳಗೆ ಹೋದರೆ ಬಲಕ್ಕೇ ಮೈಕೆಲೇಂಜಲೊನ ಪಿಯೆತಾ. ಇಪ್ಪತ್ತೈದೂ ತುಂಬದ ಹುಡುಗ ಕೆತ್ತಿದ ಶಿಲ್ಪ. 1972ರಲ್ಲಿ ಒಬ್ಬಾತ ಸುತ್ತಿಗೆಯಿಂದ ಹೊಡೆದು ಹಾಳುಮಾಡಿದ ಮೇಲೆ ರಿಪೇರಿ ಮಾಡಿ ಗಾಜಿನ ಹಿಂದೆ ಇಟ್ಟಿದ್ದಾರೆ. ಅಮ್ಮ ತುಂಬ ಹೊತ್ತು ನೋಡಿ, "ಮಾತೆಯ ಮುಖ ನೋಡು, ಮಗನಿಗಿಂತ ಚಿಕ್ಕವಳ ಹಾಗೆ ಇದೆ" ಅಂದರು. ಇದೇ ಪ್ರಶ್ನೆಯನ್ನು ಶಿಲ್ಪಿಯ ಕಾಲದವರೂ ಕೇಳಿದ್ದರೆಂದು ನಾವು ಓದಿದ್ದೆವು, ಆದರೆ ಹೇಳಲಿಲ್ಲ. ಗುಮ್ಮಟ ಹತ್ತಲು 551 ಮೆಟ್ಟಿಲು. ನಾವೂ ಹತ್ತಲಿಲ್ಲ.

ಅಪ್ಪನಿಗಾಗಿ ಮೇಣದಬತ್ತಿ ಹಚ್ಚಬೇಕೆಂದು ಅಮ್ಮನ ಆಸೆ. ಅಂದು ಸಂಜೆ ನಾವು ಹೊಕ್ಕ ಒಂದು ಚರ್ಚಿನಲ್ಲಿ ಮೇಣದ ಬತ್ತಿಯೇ ಇಲ್ಲ. ನಾಣ್ಯ ಹಾಕಿದರೆ ಬತ್ತಿಯ ಆಕಾರದ ಪುಟ್ಟ ಬಲ್ಬು ಉರಿಯುತ್ತದೆ! ಅಮ್ಮನಿಗೆ ಇದು ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. "ಕರೆಂಟು ಹೋದರೆ ಪ್ರಾರ್ಥನೆಯೂ ಹೋಗ್ತದಾ?" ಎಂದು ಕೇಳಿದರು. ಮರುದಿನ ಬೆಳಿಗ್ಗೆ ಸಾಂತಾ ಮರಿಯಾ ಮಜ್ಜೋರೆ ಬಸಿಲಿಕಾಕ್ಕೆ ಹೋದೆವು. ಪೋಪ್ ಫ್ರಾನ್ಸಿಸ್ ಅವರನ್ನು 2025ರ ಏಪ್ರಿಲ್ 26ರಂದು ಸಮಾಧಿ ಮಾಡಿದ್ದು ಇಲ್ಲೇ. ಕಲ್ಲಿನ ಮೇಲೆ ಲ್ಯಾಟಿನಿನಲ್ಲಿ ಅವರ ಹೆಸರೊಂದೇ, ಬೇರೆ ಏನೂ ಇಲ್ಲ. ಸಾಲು ನಿಲ್ಲಲು ಬಿಡುವುದಿಲ್ಲ. ಅರ್ಧ ನಿಮಿಷದಲ್ಲಿ ಅಮ್ಮ ಅಪ್ಪನ ಹೆಸರು ಹೇಳಿ ಮುಗಿಸಿದರು. ಬತ್ತಿಯ ಮಾತು ಮತ್ತೆ ಎತ್ತಲಿಲ್ಲ.

ಆ ದಿನದ ನಮ್ಮ ಒಂದು ಜಾಗ ಸಂತ ಕ್ಲೆಮೆಂಟರ ಬಸಿಲಿಕಾ. ಕೊಲೊಸಿಯಮ್ಮಿನಿಂದ ನಡೆಯುವಷ್ಟೇ ದೂರ. ಪ್ರವಾಸಿ ಕಂಪನಿಗಳ ಬಸ್ಸುಗಳು ಹೆಚ್ಚಾಗಿ ಇಲ್ಲಿ ನಿಲ್ಲುವುದಿಲ್ಲ. ರೋಮಿಗೆ ಹೋಗುವವರಿಗೆ ನಾವು ಹೇಳುವುದಿಷ್ಟೇ, ಬೇರೆ ಏನಾದರೂ ಬಿಟ್ಟರೂ ಇದನ್ನು ಬಿಡಬೇಡಿ. ಬೀದಿಯ ಮಟ್ಟದಲ್ಲಿರುವುದು 12ನೇ ಶತಮಾನದ ಚರ್ಚ್. ಅದರ ಕೆಳಗೆ 4ನೇ ಶತಮಾನದ ಇನ್ನೊಂದು ಚರ್ಚ್. ಅದರ ಕೆಳಗೆ ಒಂದನೇ ಶತಮಾನದ ರೋಮನ್ ಕಟ್ಟಡ, ಓಣಿ, ಮಿತ್ರ ದೇವತೆಯ ಗುಡಿ. 1857ರಲ್ಲಿ ಅಲ್ಲಿದ್ದ ಐರಿಶ್ ದೊಮಿನಿಕನ್ ಗುರು ಜೋಸೆಫ್ ಮುಲ್ಲೂಲಿ ಅಗೆಯಿಸಲು ಶುರುಮಾಡುವವರೆಗೆ ಕೆಳಗೆ ಇನ್ನೊಂದು ಚರ್ಚಿದೆಯೆಂದು ಮೇಲೆ ಬಲಿಪೂಜೆ ಕೇಳುತ್ತಿದ್ದವರಿಗೆ ಗೊತ್ತಿರಲಿಲ್ಲ. ಸ್ಲಾವ್ ಜನರ ಮಾತಿಗೆ ಅಕ್ಷರ ಮಾಡಿಕೊಟ್ಟ ಸಂತ ಸಿರಿಲ್ಲರನ್ನು 869ರಲ್ಲಿ ಹೂಳಿದ್ದೂ ಈ ಕೆಳಗಿನ ಚರ್ಚಿನಲ್ಲೇ. ಗೋಡೆಯ ಮೇಲೆ ಸಂತ ಕ್ಲೆಮೆಂಟರ ಕಥೆಯ ಒಂದು ಚಿತ್ರವಿದೆ. ಅದರಲ್ಲಿ ಯಜಮಾನ ಆಳುಗಳನ್ನು ಬೈಯುವ ಮಾತು ಲ್ಯಾಟಿನಿನಲ್ಲಿಲ್ಲ, ಆಗಿನ ಬೀದಿಯ ಇಟಾಲಿಯನ್ನಿನಲ್ಲಿದೆ. ಆ ಭಾಷೆಯ ಬಹಳ ಹಳೆಯ ಬರಹಗಳಲ್ಲಿ ಇದೂ ಒಂದು. ಬೈಗುಳ ಏನೆಂದು ಈ ಪತ್ರಿಕೆಯಲ್ಲಿ ಬರೆಯುವಂತಿಲ್ಲ! ಇನ್ನೂ ಕೆಳಗೆ ಇಳಿದರೆ ಕತ್ತಲಲ್ಲಿ ಎಲ್ಲೋ ನೀರು ಹರಿಯುವ ಸದ್ದು, ಗುಡ್ಡದ ಸುರಂಗದ ಹಾಗೆ.

ಅಮ್ಮ ಕೆಳಗೆ ಬರಲಿಲ್ಲ. ಮೇಲಿನ ಚರ್ಚಿನ ಬೆಂಚಿನಲ್ಲಿ ಜಪಸರ ಹಿಡಿದು ಕೂತಿದ್ದರು. ಒಂದು ಗಂಟೆ ಬಿಟ್ಟು ಮೇಲೆ ಬಂದಾಗ, "ಆ ಕೋಳಿ ನೋಡಿದಿರಾ?" ಎಂದು ಕೇಳಿದರು. ಪೀಠದ ಮೇಲಿನ ಕಮಾನಿನಲ್ಲಿ ಬಂಗಾರದ ಬಣ್ಣದ ಮೊಸಾಯಿಕ್ ಚಿತ್ರವಿದೆ. ನಡುವೆ ಶಿಲುಬೆ, ಅದರ ಬುಡದಿಂದ ಇಡೀ ಗೋಡೆಗೆ ಹಬ್ಬಿದ ಬಳ್ಳಿ. ಬಳ್ಳಿಯ ಕೆಳಗಿನ ಮೂಲೆಯಲ್ಲಿ ಒಬ್ಬ ಹೆಂಗಸು ಕೋಳಿಗಳಿಗೆ ಕಾಳು ಹಾಕುತ್ತಿದ್ದಾಳೆ. ಟಿಕೆಟು ಕೊಟ್ಟು ಮೂರು ಕಾಲ ಇಳಿದು ಬಂದ ನಮಗೆ ಅದು ಕಂಡಿರಲಿಲ್ಲ.

ಕೊನೆಯ ದಿನ ಕೊಲೊಸಿಯಮ್ ಮತ್ತು ಹಳೆಯ ರೋಮನ್ ಫೋರಮ್. ಎರಡಕ್ಕೂ ಒಂದೇ ಟಿಕೆಟು. ಕೊಲೊಸಿಯಮ್ಮಿನ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾವು ಬಿಡುತ್ತೇವೆ. ಫೋರಮ್ಮಿನ ಹಳೆಯ ಕಲ್ಲುದಾರಿಯ ಪಕ್ಕ ಮೂರು ಭಾರೀ ಕಮಾನುಗಳು ಉಳಿದಿವೆ. ಅದು ಮಾಕ್ಸೆಂಟಿಯಸ್ ಚಕ್ರವರ್ತಿ ಶುರುಮಾಡಿ ಕಾನ್‌ಸ್ಟಂಟೈನ್ ಮುಗಿಸಿದ ಸಭಾಭವನ. ಅದರ ಅಡಿಯಲ್ಲಿರುವುದು ಇನ್ನೂ ಹಳೆಯದು: ಚಕ್ರವರ್ತಿ ದೊಮಿಷಿಯನ್ನನ ಕಾಲದ ಗೋದಾಮು, ಹೆಸರು ಹೋರ್ರೆಯಾ ಪಿಪೆರಾತಾರಿಯಾ. ಅಂದರೆ ಒಳ್ಳೆಮೆಣಸಿನ ಉಗ್ರಾಣ! ಆ ಮೆಣಸು ಬರುತ್ತಿದ್ದುದು ನಮ್ಮ ಮಲಬಾರ್ ಕರಾವಳಿಯಿಂದ. ಈಜಿಪ್ಟಿನ ಬಂದರಿನಿಂದ ನಡುಬೇಸಗೆಯಲ್ಲಿ ಹೊರಟ ಹಡಗುಗಳು, ನಮಗೆ ಮಳೆ ತರುವ ಅದೇ ಗಾಳಿಯನ್ನು ಹಿಡಿದು ಕೇರಳದ ಮುಜಿರಿಸ್ ಸೇರುತ್ತಿದ್ದವು. ಡಿಸೆಂಬರಿನಲ್ಲಿ ಮೆಣಸು ತುಂಬಿಕೊಂಡು ಮರಳುತ್ತಿದ್ದವು. 408ರಲ್ಲಿ ಗೋಥರ ದೊರೆ ಅಲಾರಿಕ್ ರೋಮಿಗೆ ಮುತ್ತಿಗೆ ಹಾಕಿದಾಗ ಬಿಟ್ಟುಹೋಗಲು ಕೇಳಿದ್ದರಲ್ಲಿ ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆ 3000 ಪೌಂಡು ಮೆಣಸೂ ಇತ್ತು.

ಇಷ್ಟನ್ನು ಕೇಳಿ ಅಮ್ಮ ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಅಡಿಕೆ ಮರಕ್ಕೆ ಬಳ್ಳಿ ಕಟ್ಟಿ, ಏಣಿಯಿಟ್ಟು ಕೊಯ್ದು, ಸಗಣಿ ಸಾರಿಸಿದ ಅಂಗಳದಲ್ಲಿ ಒಣಗಿಸಿ, ಸಂಜೆ ಮಳೆ ಬಂದರೆ ಓಡಿ ಬಾಚಿ ತುಂಬಿದ ಐವತ್ತು ವರ್ಷ ಅವರದು. ಎಷ್ಟೋ ಹೊತ್ತಿನ ಮೇಲೆ ಹೇಳಿದರು: "ಅಪ್ಪ ಇದ್ದಿದ್ರೆ ಮೊದಲು ರೇಟು ಕೇಳ್ತಿದ್ರು."

ರಾತ್ರಿ ಕೋಣೆಯಲ್ಲಿ ಫೋನು ಹಿಡಿದು ಅದನ್ನೇ ಹುಡುಕಿದೆವು. ಸಿಕ್ಕಿತು. ಒಂದನೇ ಶತಮಾನದ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ: ಕರಿಮೆಣಸು ಪೌಂಡಿಗೆ 4 ದಿನಾರಿ, ಬಿಳಿಮೆಣಸು 7. ಆಗಿನ ಪೌಂಡು ನಮ್ಮ ಮುನ್ನೂರು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಆಗ ಸಾಮಾನ್ಯ ಸೈನಿಕನ ವರ್ಷದ ಸಂಬಳ 225 ದಿನಾರಿ. ಅಂದರೆ ಒಂದು ಪೌಂಡು ಕರಿಮೆಣಸಿಗೆ ಆರೇಳು ದಿನದ ಸಂಬಳ. ಪ್ಲಿನಿ ಇನ್ನೂ ಒಂದು ಮಾತು ಸೇರಿಸುತ್ತಾನೆ, ಭಾರತದಿಂದ ಬಂದ ಸರಕು ಇಲ್ಲಿ ಅಸಲಿನ ನೂರು ಪಟ್ಟು ಬೆಲೆಗೆ ಮಾರಾಟವಾಗುತ್ತದೆ ಎಂದು.

ಅಮ್ಮ ಹಾಸಿಗೆಯಲ್ಲಿ ಎದ್ದು ಕೂತರು.

"ನೂರು ಪಟ್ಟಾ? ನೋಡು, ನಿನ್ನ ಅಪ್ಪ ಹೇಳ್ತಾ ಇದ್ದದ್ದು ಸರಿಯೇ. ಬೆಳೆದವನಿಗೆ ಎಂತದೂ ಇಲ್ಲ, ಎಲ್ಲ ನಡುವಿನವನೇ ತಿಂದದ್ದು."

ಆಮೇಲೆ ದೀಪ ಆರಿಸಲು ಹೇಳಿ, ಗೋಡೆಯ ಕಡೆ ತಿರುಗಿ ಮಲಗಿದರು.